ನಾನು ಕೊಡದ ಚೀಟಿಗಳು

ಹೋದ ವಾರ ಪಾತ್ರೆ ತೊಳೆಯಲು ಹೊಸ ರಬ್ಬರ್ ಗ್ಲೌಸಿನ ಪ್ಯಾಕೆಟ್ ಬಿಚ್ಚಿದೆ. ಆ ವಾಸನೆ ಮೂಗಿಗೆ ಬಂದದ್ದೇ ಸಿಂಕಿನ ಮುಂದೆ ಹಾಗೇ ನಿಂತುಬಿಟ್ಟೆ. ಇಪ್ಪತ್ತು ವರ್ಷಕ್ಕೂ ಹಿಂದೆ, ಕಮ್ಯುನಿಟಿ ಕಾಲೇಜಿನ ನಮ್ಮ ತರಗತಿಯ ತುಂಬ ಇದೇ ವಾಸನೆ ಇರುತ್ತಿತ್ತು. ನಮ್ಮ ಟೀಚರ್ ಹತ್ತಿರ ಬಂದರೂ ಇದೇ ವಾಸನೆ. ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ...

ಅದು ಡಾಟ್ ಕಾಮ್ ಕಾಲ. ನನ್ನ ಯಜಮಾನರು ಚಿಪ್ ಕಾರ್ಖಾನೆಯಲ್ಲಿ ಮೆಷಿನು ನೋಡಿಕೊಳ್ಳುತ್ತಿದ್ದರು. ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಮಾತಾಡುವವರೆಲ್ಲ ಶೇರಿನ ಮಾತೇ ಆಡುತ್ತಿದ್ದರು. ಪಿಯುಸಿ ಓದಿದ ನನಗೆ ಅದೊಂದೂ ತಿಳಿಯುತ್ತಿರಲಿಲ್ಲ. ಗ್ರೀನ್ ಕಾರ್ಡು ಬಂದ ವರ್ಷ, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿಯರ ಕೋರ್ಸಿಗೆ ಸೇರಿದೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಶುರು, ಅವರು ಬರುವ ಮುಂಚೆ ಮುಕ್ತಾಯ. ನಾವು ಹದಿನಾಲ್ಕು ಹೆಂಗಸರು. ಇಷ್ಟು ಗಂಟೆ ಕಲಿತರೆ ಮಾತ್ರ ರಾಜ್ಯದ ಪರೀಕ್ಷೆಗೆ ಕೂರಬಹುದು ಎಂಬ ನಿಯಮವಿತ್ತು.

ಟೀಚರ್ ಧಾರವಾಡದ ಕಡೆಯವರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ನನಗೊಬ್ಬಳಿಗೇ ಕನ್ನಡದಲ್ಲಿ. ಮಂಚದ ಮೇಲಿನ ಪ್ಲಾಸ್ಟಿಕ್ ಗೊಂಬೆಯನ್ನು ರೋಗಿ ಎಂದುಕೊಂಡು ಮಗ್ಗುಲು ಬದಲಿಸಬೇಕು. ನಾನು ಜೋರಾಗಿ ತಳ್ಳಿದೆ. "ಏ ಮಂಡ್ಯದಾಕಿ, ಹಂಗ್ಯಾಕ ದೂಡ್ತೀ? ಮುದುಕ ಅದಾನವಾ ಅವ, ಕಬ್ಬಿನ ಗಾಡಿ ಅಲ್ಲ!" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಗೊಂಬೆಯ ಭುಜವನ್ನು ಮೆಲ್ಲಗೆ ಹೊರಳಿಸಿ ತೋರಿಸಿದರು.

ಕೋರ್ಸು ಮುಗಿಯಲು ಎರಡು ತಿಂಗಳಿದ್ದಾಗ, ಕಚೇರಿಯ ಹೊರಗಿನ ಗಾಜಿನ ಪೆಟ್ಟಿಗೆಯಲ್ಲಿ ಆಡಳಿತ ಮಂಡಳಿಯ ಸಭೆಯ ಕಾರ್ಯಸೂಚಿ ಅಂಟಿಸಿದ್ದರು. ಅದನ್ನು ಓದುವವರು ಇಡೀ ಕಾಲೇಜಿನಲ್ಲಿ ಟೀಚರ್ ಒಬ್ಬರೇ ಇರಬೇಕು. "ಇದನ್ನ ಓದೂದು ಅಂದ್ರ ರೋಗಿ ಚಾರ್ಟ್ ಓದಿದಂಗ. ಸಣ್ಣ ಅಕ್ಷರದಾಗ ಏನೈತಿ ಅದನ್ನ ಮೊದಲ ನೋಡಬೇಕು" ಎಂದು ಬೆರಳಿಟ್ಟು ತೋರಿಸಿದರು. ನಮ್ಮ ತರಗತಿಯನ್ನು ತಕ್ಷಣ ನಿಲ್ಲಿಸುವುದು, ಕೋಣೆಯನ್ನು ಕಂಪ್ಯೂಟರ್ ನೆಟ್‌ವರ್ಕ್ ಕಲಿಸುವವರಿಗೆ ಕೊಡುವುದು. ಒಂದೂವರೆ ಸಾಲು. ಯಾವುದೋ ಕಂಪನಿ ಮೆಷಿನುಗಳನ್ನು ದಾನ ಕೊಡುತ್ತದಂತೆ.

ಆ ಸಾಲು ಇದ್ದದ್ದು ಒಟ್ಟು ಒಪ್ಪಿಗೆಯ ಪಟ್ಟಿಯಲ್ಲಿ. ಚರ್ಚೆ ಬೇಡದ ವಿಷಯಗಳು ಎಂದು ಅವರೇ ತೀರ್ಮಾನಿಸಿ ಇಪ್ಪತ್ತು ಮೂವತ್ತನ್ನು ಒಂದೇ ಪಟ್ಟಿಗೆ ಸೇರಿಸುತ್ತಾರೆ, ಒಂದೇ ಸಲ 'ಹೂಂ' ಎನ್ನುತ್ತಾರೆ. ಹುಲ್ಲು ಕತ್ತರಿಸುವ ಗುತ್ತಿಗೆಯೂ ಅದರಲ್ಲೇ, ನಮ್ಮ ಹದಿನಾಲ್ಕು ಜನರ ಬದುಕೂ ಅದರಲ್ಲೇ. ಮಂಡಳಿಯ ಸದಸ್ಯರೇ ಕೇಳಿದರೆ, ಇಲ್ಲವೇ ಸಭೆ ಶುರುವಾಗುವ ಮೊದಲು ಹೊರಗಿನ ಯಾರಾದರೂ ವಿಷಯದ ಸಂಖ್ಯೆ ಬರೆದು ಗುಮಾಸ್ತೆಗೆ ಚೀಟಿ ಕೊಟ್ಟರೆ ಮಾತ್ರ ಅದನ್ನು ಹೊರಗೆ ತೆಗೆದು ಚರ್ಚಿಸುತ್ತಾರೆ. ನಾವೆಲ್ಲ ಚೀಟಿ ಬರೆದೆವು. ಟೀಚರ್ ಅವನ್ನು ನನ್ನ ಕೈಗೆ ಕೊಟ್ಟು, "ನೀ ಹೋಗಿ ಕೊಡು. ನಾ ಇವರನ್ನೆಲ್ಲಾ ಕರ್ಕೊಂಡ ಬರ್ತೀನಿ" ಎಂದರು.

ಸಭೆಯ ಬಾಗಿಲಲ್ಲಿ ಮಂಡಳಿಯ ಸದಸ್ಯರೊಬ್ಬರು ಸಿಕ್ಕರು. ನಮ್ಮ ಮಂಡ್ಯ ಜಿಲ್ಲೆಯವರೇ. ಇಲ್ಲಿ ಕಾಲೇಜಿನ ಮಂಡಳಿಯನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ. ಬರೀ ಗ್ರೀನ್ ಕಾರ್ಡಿದ್ದ ನಮಗೆ ಆ ಚುನಾವಣೆಯಲ್ಲಿ ಓಟಿಲ್ಲದಿದ್ದರೂ ನಾನೂ ನಮ್ಮ ಯಜಮಾನರೂ ಕ್ಯುಪರ್ಟಿನೋದ ಮನೆ ಮನೆಗೆ ಹೋಗಿ ಅವರ ಕರಪತ್ರ ಹಂಚಿದ್ದೆವು. ಕೈಯಲ್ಲಿದ್ದ ಚೀಟಿಗಳನ್ನು ನೋಡಿ ಅವರು ನಕ್ಕರು. "ಇದ್ಯಾಕಮ್ಮ ಇಷ್ಟೊಂದು? ಬೋರ್ಡು ಮುಂದೆ ನಮ್ಮೋರೇ ಗಲಾಟೆ ಮಾಡಿದ್ರೆ ನನಗೆ ಮುಜುಗರ ಅಲ್ವಾ? ಆ ಐಟಮ್ಮು ನಾನೇ ಪಟ್ಟಿಯಿಂದ ಪುಲ್ ಮಾಡ್ತೀನಿ ಬಿಡು. ಅಣ್ಣನ ಮೇಲೆ ನಂಬಿಕೆ ಇಲ್ವಾ?"

ಊರಿನ ಹಿರಿಯರು, ಅಣ್ಣ ಎಂದು ಬೇರೆ ಹೇಳಿದರು. ಇಲ್ಲ ಎನ್ನುವುದು ಹೇಗೆ? "ಸರಿ ಅಣ್ಣ" ಎಂದು ಚೀಟಿಗಳನ್ನು ಬ್ಯಾಗಿಗೆ ಹಾಕಿಕೊಂಡೆ.

ಸಂಜೆ ಐದಕ್ಕೆ ಸಭೆ ಶುರುವಾಯಿತು. ಪಟ್ಟಿಯಿಂದ ಏನಾದರೂ ಹೊರಗೆ ತೆಗೆಯಬೇಕೇ ಎಂದು ಅಧ್ಯಕ್ಷರು ಕೇಳಿದರು. ಅಣ್ಣ ನೀರು ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟ ಮೇಲೆ ಹೇಳುತ್ತಾರೆ ಎಂದುಕೊಂಡೆ. ಲೋಟ ಕೆಳಗಿಟ್ಟರು, ಕನ್ನಡಕ ಒರೆಸಿದರು. ಅಷ್ಟರಲ್ಲಿ ಮಂಡಳಿಯ ಏಳೂ ಜನ ಒಪ್ಪಿಗೆ ಎಂದಾಗಿತ್ತು. ಅವರ ದನಿಯೂ ಅದರಲ್ಲಿತ್ತು, ನಾನೇ ಕೇಳಿದೆ.

ಟೀಚರ್ ನನ್ನ ಕಡೆ ತಿರುಗಿದರು. "ಚೀಟಿ ಕೊಟ್ಟಿದ್ದಿಲ್ಲೇನು?"

ಹದಿಮೂರು ಹೆಂಗಸರು ನನ್ನನ್ನೇ ನೋಡುತ್ತಿದ್ದರು. "ಕೊಟ್ಟೆ ಟೀಚರ್" ಎಂದೆ.

ಅವರು ಎದ್ದು ನೇರವಾಗಿ ಗುಮಾಸ್ತೆಯ ಮೇಜಿಗೆ ಹೋದರು. ಹದಿನಾಲ್ಕು ಚೀಟಿಗಳನ್ನು ಬೇಕೆಂದೇ ಮುಚ್ಚಿಟ್ಟಿದ್ದೀ ಎಂದು ಎಲ್ಲರ ಮುಂದೆ ಬೆರಳು ತೋರಿಸಿ ಕೂಗಿದರು. ಆ ವಯಸ್ಸಾದ ಹೆಂಗಸು ಕಾಗದಗಳ ಅಡಿಯಲ್ಲಿ, ಡ್ರಾಯರಿನಲ್ಲಿ, ಕೊನೆಗೆ ಕಸದ ಬುಟ್ಟಿಯಲ್ಲೂ ಹುಡುಕಿದಳು. ನನ್ನ ಬ್ಯಾಗು ನನ್ನ ತೊಡೆಯ ಮೇಲಿತ್ತು. ಅಧ್ಯಕ್ಷರು ಕಾವಲಿನವನನ್ನು ಕರೆಸಿ ಟೀಚರನ್ನು ಹೊರಗೆ ಕಳಿಸಿದರು.

ಟೀಚರ್ ಅಲ್ಲಿ ಕಾಯಂ ಅಲ್ಲ, ಗಂಟೆ ಲೆಕ್ಕದವರು. ಅಂಥವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಮುಂದಿನ ಸಲ ಕರೆಯುವುದಿಲ್ಲ, ಅಷ್ಟೆ. ಅದಕ್ಕೆ ಕಾರಣ ಕೊಡಬೇಕಿಲ್ಲ, ಯಾವ ಪಟ್ಟಿಗೂ ಸೇರಿಸಬೇಕಿಲ್ಲ. ಬೇರೆ ತರಗತಿಗೆ ಅವರು ಎಷ್ಟು ಅರ್ಜಿ ಹಾಕಿದರೂ ಕಾಲೇಜಿನಿಂದ ಕರೆ ಬರಲಿಲ್ಲ. ಕಲಿಸುವುದೊಂದೇ ತನಗೆ ಬರುವುದು ಎನ್ನುತ್ತಿದ್ದವರು ಸರಟೋಗಾದ ಗುಡ್ಡದ ಮನೆಗಳಲ್ಲಿ ವಯಸ್ಸಾದವರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಹೋದರು. ನಾನು ಓಕ್ಲ್ಯಾಂಡಿನ ಶಾಲೆಯೊಂದಕ್ಕೆ ರೈಲಿನಲ್ಲಿ ಓಡಾಡಿ ಕೋರ್ಸು ಮುಗಿಸಿದೆ, ಕೆಲಸಕ್ಕೂ ಸೇರಿದೆ. ಹದಿನಾಲ್ಕರಲ್ಲಿ ಮುಗಿಸಿದವರು ನಾವು ನಾಲ್ವರೇ.

ಆ ಅಣ್ಣನನ್ನು ಒಂದು ಮದುವೆಯಲ್ಲಿ ಕೇಳಿಯೇಬಿಟ್ಟೆ. "ಅದೆಲ್ಲಾ ಮೊದಲೇ ಡಿಸೈಡ್ ಆಗಿತ್ತು ಕಣಮ್ಮ. ಹಳೇದೆಲ್ಲಾ ಯಾಕೆ ಕೆದಕ್ತೀಯ? ಹೋಳಿಗೆ ತಗೋ" ಎಂದರು. ಮುಂದಿನ ಚುನಾವಣೆಯಲ್ಲೂ ಅವರೇ ಗೆದ್ದರು. ನಮ್ಮವರೆಂದು ನಾವು ಕನ್ನಡದವರೇ ಗೆಲ್ಲಿಸಿದೆವು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ನಗುನಗುತ್ತಾ ಕತ್ತು ಹಿಸುಕುವ ಆ ಸಭೆಯ ಮೇಲೂ ಇಳಿದಿಲ್ಲ. ಆದರೆ ಸುಳ್ಳು ಹೇಳು ಎಂದು ಅವರ್ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಟೀಚರ್ ತೀರಿಕೊಂಡ ಹದಿಮೂರನೆಯ ದಿನ ಅವರ ಮಗಳ ಮನೆಗೆ ಹೋಗಿದ್ದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಊಟ ಬಡಿಸುತ್ತಾ, "ಅಮ್ಮ ಯಾವಾಗ್ಲೂ ಆ ಕ್ಲರ್ಕ್ ಸ್ಟೋರಿ ಹೇಳ್ತಿದ್ರು ಆಂಟಿ. ಕೊನೇವರೆಗೂ ಶೀ ವಾಸ್ ಸೋ ಆಂಗ್ರಿ" ಎಂದಳು.

ನಾನು ತಟ್ಟೆ ಬಿಟ್ಟು ಎದ್ದೆ. ಅಡುಗೆಮನೆಗೆ ಅವಳ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು. ಅಳಲಿಲ್ಲ, ಬೈಯಲೂ ಇಲ್ಲ.

"ಆಗ್ಲೇ ಹೇಳಿದ್ರೆ ಅಮ್ಮ ಆ ಲೇಡಿ ಹತ್ರ ಹೋಗಿ ಸಾರಿ ಕೇಳಿರೋರು. ಯು ನೋ ದಟ್, ರೈಟ್?"

ಗೊತ್ತಿತ್ತು. ಮಾರನೆಯ ದಿನವೇ ಹೋಗಿ ಕೇಳುತ್ತಿದ್ದರು ಎಂದು ಗೊತ್ತಿತ್ತು. ಕಾಲೇಜು ಅವರನ್ನು ಮತ್ತೆ ಕರೆಯುತ್ತಿತ್ತೋ ಏನೋ... ಚೀಟಿ ಕೊಡದೇ ಇದ್ದವಳು ಯಾರು ಎಂದು ಎಲ್ಲರಿಗೂ ಆಗ ತಿಳಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡದ್ದು ಅದಕ್ಕೇ.