ಮಾರ್ತಮ್ಮನ ಜಪಕ್ಕೆ ಉತ್ತರ

೨೦೧೩ರಲ್ಲಿ ನಾನು ಕನಕಪುರ ತಾಲ್ಲೂಕಿನ ಒಂದು ಹಳ್ಳಿ ಚರ್ಚಿನಲ್ಲಿ ಧರ್ಮಗುರುವಾಗಿದ್ದೆ. ಜೊತೆಗೆ ಇನ್ನೊಂದು ಹೊಣೆ ಹೆಗಲೇರಿತ್ತು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಸುತ್ತಿನ ನಮ್ಮ ಚರ್ಚುಗಳಿಗೆಲ್ಲ ಒಂದೇ ಕನ್ನಡದ ಜಪಪುಸ್ತಕ ಮಾಡಬೇಕಿತ್ತು.

ಒಂದೊಂದು ಊರಿನ ಜಪ ಒಂದೊಂದು ಥರ. ಎಲ್ಲೋ ತಮಿಳು ಬೆರೆತಿತ್ತು, ಎಲ್ಲೋ ಮನೆಮಾತೇ ಜಪವಾಗಿತ್ತು. ಕುದೂರಿನ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಸ್ಟೆಲ್ಲಾ ಇಲ್ಲಿನ ಜಪ ಬಾರದೆ ಚರ್ಚಿನಲ್ಲಿ ಬರೀ ತುಟಿ ಆಡಿಸುತ್ತ ನಿಲ್ಲುತ್ತಿದ್ದಳು. ನೋಡಿ ಸಂಕಟವಾಗುತ್ತಿತ್ತು. ಯುರೋಪಿನ ಸ್ಲೋವಾಕ್ ಜನರ ಚೆದುರಿದ ಆಡುಮಾತುಗಳ ನಡುವೆ ಒಂದು ಬರಹದ ಭಾಷೆ ಕಟ್ಟಿದ ಧರ್ಮಗುರುವಿನ ಬದುಕನ್ನು ನಾನು ಸೆಮಿನರಿಯಲ್ಲಿ ಓದಿದ್ದೆ. ಅಲ್ಲಿ ಆಗಿದ್ದು ಇಲ್ಲೇಕೆ ಆಗಬಾರದು ಎಂಬ ಹುಮ್ಮಸ್ಸು ನನಗೆ.

ಸಭೆ ಕರೆದರೆ ಸಾಕು, ಜಗಳ. "ನಮ್ಮೂರ್ ಜಪಾನೇ ಇರ್ಲಿ ಸ್ವಾಮಿ, ಅವ್ರೇ ಕಲ್ತ್ಕಳ್ಳಿ" ಎಂದು ಪ್ರತಿ ಊರಿನವರದೂ ಒಂದೇ ಹಟ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತಾಯಿತು ನನ್ನ ಪಾಡು. ಹಳೆಯ ಜಪಗಳನ್ನೂ ಪುಸ್ತಕದ ಕೊನೆಯಲ್ಲಿ ಸೇರಿಸೋಣ ಎಂದು ನಾನೆಂದರೆ, "ಹಾಗಾದರೆ ಹೊಸದನ್ನು ಯಾರು ಕಲಿಯುತ್ತಾರೆ?" ಎಂದು ಪುಸ್ತಕಕ್ಕೆಂದು ನೇಮಿಸಿದ್ದ ಸಮಿತಿ ತಳ್ಳಿಹಾಕಿತು. ರೇಗಿಹೋಯಿತು. ಆದರೂ ಪುಸ್ತಕ ಅಚ್ಚಾಯಿತು, ಮಕ್ಕಳಿಗೆ ಅದನ್ನೇ ಕಲಿಸಿದೆವು. ಸ್ಟೆಲ್ಲಾ ಎಲ್ಲರಿಗಿಂತ ಜೋರಾಗಿ ಹೇಳತೊಡಗಿದಳು. ಅತ್ತೆಯ ಜಪ ಕಲಿಯುವ ಅಗತ್ಯ ಅವಳಿಗೆ ಬೀಳಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಆ ಅತ್ತೆ ಮಾರ್ತಮ್ಮ ಹಾಸಿಗೆ ಹಿಡಿದರು. ಊರಿನಲ್ಲಿ ಯಾರ ಕೊನೆಗಾಲದಲ್ಲೂ ಜಪ ಹೇಳಿಸುತ್ತಿದ್ದವರು ಅವರೇ. ಒಬ್ಬರು ಅರ್ಧ ಹೇಳಬೇಕು, ಉಳಿದರ್ಧವನ್ನು ಸಾಯುವವರ ಮನೆಯವರೇ ಹೇಳಬೇಕು. ಆ ಉತ್ತರ ಕೇಳಿಸಿಕೊಂಡು ಹೋದ ಜೀವಕ್ಕೆ ದಾರಿ ಸಲೀಸು ಎಂಬುದು ಅಲ್ಲಿನ ನಂಬಿಕೆ. ಮಾರ್ತಮ್ಮನ ಮಗ ಮೊದಲೇ ತೀರಿಕೊಂಡಿದ್ದ. ಮನೆಯವರೆಂದರೆ ಸ್ಟೆಲ್ಲಾ ಮತ್ತು ಪುಸ್ತಕದ ಜಪವನ್ನಷ್ಟೇ ಕಲಿತಿದ್ದ ಇಬ್ಬರು ಮೊಮ್ಮಕ್ಕಳು.

ನಾನು ಕೊನೆಗಾಲದ ಪವಿತ್ರ ತೈಲ ಹಚ್ಚಿದ ಮೇಲೆ ಮಾರ್ತಮ್ಮ ಕಣ್ಣು ತೆರೆದು ತಮ್ಮ ಜಪವನ್ನು ತಾವೇ ಶುರು ಮಾಡಿದರು. ಅರ್ಧ ಹೇಳಿ ಕಾದರು. ಸ್ಟೆಲ್ಲಾ ಮತ್ತೆ ಬರೀ ತುಟಿ ಆಡಿಸುತ್ತಿದ್ದಳು. ತಡೆಯಲಾರದೆ ನಾನೇ ಉತ್ತರ ಹೇಳಹೊರಟೆ.

"ನೀವ್ ಬ್ಯಾಡಿ ಸ್ವಾಮಿ. ಮನೆಯೋರು ಏಳ್ಬೇಕು" ಎಂದರು ಮಾರ್ತಮ್ಮ.

ಸ್ಟೆಲ್ಲಾ ಅಳುತ್ತಲೇ ಹೊಸ ಪುಸ್ತಕದ ಜಪ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಮಾರ್ತಮ್ಮ ಪೂರ್ತಿ ಕೇಳಿ ಅವಳ ಕೈ ತಟ್ಟಿದರು. "ಚೆಂದಾಗ್ ಏಳ್ದೆ ಕಣವ್ವ. ಬುಡು." ಆಮೇಲೆ ಅವರು ಇನ್ನೊಂದು ಸಾಲು ಶುರು ಮಾಡಲಿಲ್ಲ. ಬೆಳಗಿನ ಹೊತ್ತಿಗೆ ಹೋಗಿಬಿಟ್ಟರು.

ಆ ಸ್ಲೋವಾಕ್ ಧರ್ಮಗುರು ಕಟ್ಟಿದ ಭಾಷೆಯ ರೂಪವನ್ನೂ ಮುಂದಿನ ತಲೆಮಾರು ಬದಿಗಿಟ್ಟು, ಬೇರೆ ಆಡುಮಾತಿನ ಮೇಲೆ ಹೊಸದಾಗಿ ಕಟ್ಟಿಕೊಂಡಿತು ಎಂದು ತಡವಾಗಿ ಓದಿದೆ. ಪುಸ್ತಕ ಬೇಕಾಗಿತ್ತು ಎಂದು ಇವತ್ತಿಗೂ ವಾದಿಸುತ್ತೇನೆ. ಆದರೆ ನಾಲ್ಕೂರು ಒಂದಾಗಲಿ ಎಂದು ಹೊರಟವನು, ಒಂದೇ ಮನೆಯ ಅತ್ತೆ ಸೊಸೆಯ ನಡುವೆ ಮಾತು ಉಳಿದಿದೆಯೇ ಎಂದು ಮೊದಲು ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಎರಡನೇ ಮುದ್ರಣಕ್ಕೆ ಹಳೆಯ ಜಪಗಳನ್ನು ಸೇರಿಸಲು ಸಮಿತಿ ಕೊನೆಗೂ ಒಪ್ಪಿತು. ಸ್ಟೆಲ್ಲಾ ಈಗ ಅತ್ತೆಯ ಜಪಕ್ಕೆ ಉತ್ತರ ಬಾಯಿಪಾಠ ಮಾಡಿಕೊಂಡಿದ್ದಾಳೆ. ಮೊದಲರ್ಧ ಹೇಳುತ್ತಿದ್ದವರು ಇಲ್ಲ.