ಹೆರಿಗೆ ಎಲ್ಲಿ ಆಯಿತೋ ಅಲ್ಲಿಯವ

ನನ್ನ ಸೋದರಮಾವನ ಕಿವಿಗಳು ಅವರಿಗಿಂತ ಮೊದಲೇ ವಾದಕ್ಕೆ ಇಳಿಯುತ್ತಿದ್ದವು. ಅಗಲವಾದ, ಅಂಚಿನಲ್ಲಿ ಬಿಳಿ ರೋಮ ಬೆಳೆದ ಕಿವಿಗಳು. ಸಿಟ್ಟು ಬಂದರೆ ಕೆಂಪು ಬಣ್ಣ ತುದಿಯಿಂದ ಹೊರಟು ಹಾಲೆಯವರೆಗೆ ಇಳಿಯುತ್ತಿತ್ತು. ಕಾಪು ಪೇಟೆಯ ಹೋಟೆಲಿನವರು ಅದನ್ನು ನೋಡಿಯೇ "ಇವತ್ತು ಉಂಟು" ಎಂದು ಟಿವಿಯ ಸದ್ದು ತಗ್ಗಿಸುತ್ತಿದ್ದರು. ನನ್ನದೂ ಅದೇ ಕಿವಿ ಎಂದು ಅತ್ತೆ ಈಗಲೂ ತಮಾಷೆ ಮಾಡುತ್ತಾರೆ.

ಅಪ್ಪನಿಲ್ಲದ ನನ್ನನ್ನು ಸಾಕಿ, ಬೈದು, ಓದಿಸಿದವರು ಮಾವ. ಅರ್ಧ ಆಯುಷ್ಯವನ್ನು ಗಲ್ಫಿನಲ್ಲಿ ಸವೆಸಿ ಬಂದಿದ್ದರು. "ಅಷ್ಟು ದುಡಿದರೂ ಅಲ್ಲಿಯವರು ನನ್ನ ಹತ್ರ ಕೇಳುತ್ತಿದ್ದದ್ದು ಒಂದೇ, ಯಾವಾಗ ವಾಪಸ್ ಹೋಗ್ತೀ ಅಂತ" ಎನ್ನುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

ಅಮೆರಿಕದ ಅಧ್ಯಕ್ಷ ಪದವಿಗೆ ಭಾರತ ಮೂಲದ ಒಬ್ಬ, ರಾಜಕೀಯದ ಗಂಧಗಾಳಿಯಿಲ್ಲದವ, ಸ್ಪರ್ಧೆಗೆ ಇಳಿದ ವರ್ಷ ಮಾವನಿಗೆ ಪ್ರಾಯ ಮರಳಿತು. ಹೋಟೆಲಿನಲ್ಲಿ ದಿನವೂ ಅದೇ ಚರ್ಚೆ. "ಅವ ಗೆದ್ದರೆ ನಮಗೆಂತ ಲಾಭ ಮಾರಾಯ್ರೆ?" ಎಂದು ಒಬ್ಬರು, "ಹೊರಗಿನವನನ್ನು ಅಲ್ಲಿಯವರು ಒಪ್ಪಲಿಕ್ಕುಂಟಾ?" ಎಂದು ಇನ್ನೊಬ್ಬರು. ಮಾವ ಚಾದ ಲೋಟ ಮೇಜಿಗೆ ಕುಟ್ಟುತ್ತಿದ್ದರು. "ಹೊರಗಿನವ ಹೇಗೆ? ಹುಟ್ಟಿದ್ದು ಅಲ್ಲಿ, ಬೆಳೆದದ್ದು ಅಲ್ಲಿ. ಹೆರಿಗೆ ಎಲ್ಲಿ ಆಯಿತೋ ಅಲ್ಲಿಯವ! ಇನ್ನೂ ಮೂಲ ಕೇಳ್ತಾರಲ್ಲ, ನಾಚಿಕೆ ಬೇಡ್ವಾ ಅವರಿಗೆ?"

ಹೋಟೆಲಿನಿಂದ ಮನೆಗೆ ಅವರನ್ನು ದಿನವೂ ಬಿಡುತ್ತಿದ್ದದ್ದು ಒಂದೇ ರಿಕ್ಷಾ. ಅದರ ಚಾಲಕನ ಅಪ್ಪ ಬಾದಾಮಿ ಕಡೆಯಿಂದ ಇಲ್ಲಿಯ ಕೆಂಪುಕಲ್ಲಿನ ಕೋರೆಗೆ ಕಲ್ಲು ಕಡಿಯುವ ಕೆಲಸಕ್ಕೆ ಬಂದವರು. ಈತ ಹುಟ್ಟಿದ್ದು ಕಾಪುವಿನಲ್ಲೇ. ಈತನ ತುಳು ನನ್ನ ತುಳುವಿಗಿಂತ ಚೆಂದ. ಹೋಟೆಲಿನಲ್ಲಿ ಮುಗಿಯದ ವಾದವನ್ನೆಲ್ಲ ಮಾವ ರಿಕ್ಷಾದಲ್ಲಿ ಮುಗಿಸುತ್ತಿದ್ದರು. ಈತ ಕನ್ನಡಿಯಲ್ಲಿ ನೋಡುತ್ತಾ "ಸತ್ಯ ಅಣ್ಣಾ, ಸತ್ಯ" ಎನ್ನುತ್ತಿದ್ದ.

ಅದೇ ವರ್ಷ ರಿಕ್ಷಾ ಚಾಲಕರ ಸಂಘಕ್ಕೆ ಹೊಸ ಅಧ್ಯಕ್ಷರ ಆಯ್ಕೆ. ಗೌರವಾಧ್ಯಕ್ಷರಾದ ಮಾವನದ್ದೇ ಸಭೆಯ ಅಧ್ಯಕ್ಷತೆ. ಅವರನ್ನು ಸ್ಕೂಟರಿನಲ್ಲಿ ಕರೆತಂದ ನಾನು ಹಿಂದಿನ ಸಾಲಿನಲ್ಲಿದ್ದೆ. ಮಾವನನ್ನು ದಿನವೂ ಮನೆಗೆ ಬಿಡುವ ಈತನ ಹೆಸರನ್ನು ಗೆಳೆಯರು ಸೂಚಿಸಿದಾಗ ಈತ ಎದ್ದು ಕೈಮುಗಿದ. ಹೊರಗಿನವ ಎಂದು ಯಾರೋ ಗುಸುಗುಸು ಅಂದರು. ಮಾವ ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ನಿಮ್ಮದು ಊರು ಎಲ್ಲಾಯ್ತು?"

"ಇಲ್ಲೇ ಅಣ್ಣಾ, ಕಾಪು."

"ಅದಲ್ಲ ಮಾರಾಯ. ಮೂಲ. ಮೂಲ ಎಲ್ಲಿ?"

ನಾಲ್ಕೈದು ಮಂದಿ ನಕ್ಕರು. ಈತ ಮಾವನನ್ನೇ ನೋಡಿ, "ನನ್ನ ಹೆಸರು ಬಿಟ್ಟುಬಿಡಿ" ಎಂದು ಕುಳಿತುಬಿಟ್ಟ. ಮಾವನ ಎರಡೂ ಕಿವಿಗಳು ಒಮ್ಮೆಗೇ ಕೆಂಪಾದವು. ಸಿಟ್ಟಿನ ಕೆಂಪು ನನಗೆ ಗೊತ್ತಿತ್ತು, ಇದು ಬೇರೆ.

ಹಿಂದಿರುಗುವಾಗ ಸ್ಕೂಟರಿನ ಹಿಂದೆ ಕುಳಿತ ಮಾವ ನನ್ನ ಹೆಗಲು ಹಿಡಿದು, "ಟಿವಿಯಲ್ಲಿ ಆ ಅಮೆರಿಕದವನ ಹತ್ರ ಕೇಳುವುದೂ ಇದನ್ನೇ ಅಲ್ವಾ?" ಎಂದರು.

ಅಮೆರಿಕದವನೂ ಕೆಲವು ತಿಂಗಳಲ್ಲಿ ಕಣದಿಂದ ಹಿಂದೆ ಸರಿದ. ಹೋಟೆಲಿನವರೆಲ್ಲ ಮಾವನ ಕಿವಿ ನೋಡಿದರು. ಮಾವ ಚಾ ಕುಡಿದು ಎದ್ದುಬಂದರು.

ಮುಂದಿನ ಆಯ್ಕೆಯ ಹೊತ್ತಿಗೆ ಅವರೇ ರಿಕ್ಷಾ ನಿಲ್ದಾಣಕ್ಕೆ ನಡೆದುಕೊಂಡು ಹೋದರು, ನಾನೂ ಜೊತೆಗಿದ್ದೆ. "ಈ ಸಲ ನಿನ್ನ ಹೆಸರು ನಾನೇ ಹೇಳ್ತೇನೆ. ಆವತ್ತು ನನ್ನಿಂದ ತಪ್ಪಾಯಿತು" ಎಂದು ಈತನಿಗೆ ಹೇಳಿದರು, ಎಲ್ಲರಿಗೂ ಕೇಳುವ ಹಾಗೆ.

"ಬೇಡ ಅಣ್ಣಾ. ಎಲ್ಲರೂ ಕೇಳ್ತಾರೆ, ನನಗೆ ಅಭ್ಯಾಸ ಉಂಟು. ನೀವು ಮಾತ್ರ ಕೇಳ್ಲಿಕ್ಕಿಲ್ಲ ಅಂತ ಗ್ರಹಿಸಿದ್ದೆ, ಅಷ್ಟೇ" ಎಂದು ಈತ ರಿಕ್ಷಾದ ಸೀಟು ಒರೆಸಿಕೊಟ್ಟ. ಮಾವ ಹತ್ತಿ ಕುಳಿತರು. ಅವತ್ತಿನಿಂದ ಆ ರಿಕ್ಷಾದಲ್ಲಿ ಅವರು ವಾದ ಮಾಡಲಿಲ್ಲ.

ಕಳೆದ ವರ್ಷ ಮಾವ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯ ಅಂಗಳದಿಂದ ಚಟ್ಟ ಎತ್ತುವಾಗ ಈ ರಿಕ್ಷಾ ಚಾಲಕ ಬಂದು ಹೆಗಲು ಕೊಟ್ಟ. ಕಾರ್ಕಳದಿಂದ ಬಂದಿದ್ದ ನೆಂಟರೊಬ್ಬರು ನನ್ನ ಪಕ್ಕಕ್ಕೆ ಬಾಗಿ, "ಅದು ಯಾರು? ಎಲ್ಲಿಯವ?" ಎಂದರು.

"ಕಾಪುವಿನವರೇ."

"ಹಾಗಲ್ಲ, ಮೂಲ?"

ಈತನಿಗೆ ಕೇಳಿಸಿತು, ತಿರುಗಿ ನನ್ನನ್ನು ನೋಡಿದ.

"ನಮ್ಮ ಮನೆಯವರೇ" ಎಂದೆ ಗಟ್ಟಿಯಾಗಿ.

ಹೇಳಿದ್ದು ಸುಳ್ಳು. ಅಷ್ಟು ವರ್ಷ ಮಾವನನ್ನು ದಿನವೂ ಮನೆಗೆ ತಂದುಬಿಟ್ಟವನು ಒಮ್ಮೆಯೂ ಗೇಟು ದಾಟಿ ಒಳಗೆ ಬಂದವನಲ್ಲ; ಬಾ, ಕೂತುಕೋ ಎಂದು ನಾವು ಯಾರೂ ಕರೆದವರಲ್ಲ. ಈತ ಬಿದಿರನ್ನು ಹೆಗಲ ಮೇಲೆ ಸರಿಮಾಡಿಕೊಂಡು ಮುಂದೆ ನಡೆದ. ಬಿದಿರಿನ ಹಿಂದಿನ ತುದಿಗೆ ಹೆಗಲು ಕೊಟ್ಟಿದ್ದ ನನ್ನ ಎರಡೂ ಕಿವಿಗಳು ಸುಡುತ್ತಿದ್ದವು.