ಕೊಡುವವಳ ತಟ್ಟೆಗೆ ತುಪ್ಪ

ಅಣ್ಣ ಹೆಂಡದ ಹನಿ ಮುಟ್ಟಿದವನಲ್ಲ. ಆದರೂ ಅವನ ಲಿವರ್ ಕೆಟ್ಟಿದೆ ಅಂದಾಗ ಅಟ್ಟೂರಿನ ನಮ್ಮ ನೆಂಟರು ಮುಖ ಮುಖ ನೋಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಸಕ್ಕರೆ ಕಾಯಿಲೆಯಿತ್ತು, ಹೊಟ್ಟೆ ಬೆಳೆದಿತ್ತು, ಫ್ಯಾಟಿ ಲಿವರ್ ಅಂತ ವರ್ಷಗಳ ಹಿಂದೆಯೇ ಸ್ಕ್ಯಾನಿಂಗ್‌ನಲ್ಲಿ ಬಂದಿತ್ತು. ನೋವಿಲ್ಲ, ಕಾಮಾಲೆಯಿಲ್ಲ, ಎಲ್ಲರಿಗೂ ಇರುತ್ತೆ ಬಿಡು ಎಂದು ಸುಮ್ಮನಾಗಿದ್ದೆವು. ಆ ಕೊಬ್ಬು ಸದ್ದಿಲ್ಲದೆ ಲಿವರನ್ನೇ ಹಾಳು ಮಾಡಿತು. ಈಗ ಅವನು ಉಳಿಯಬೇಕಾದರೆ ಇನ್ನೊಬ್ಬರ ಲಿವರಿನ ಒಂದು ಭಾಗ ಬೇಕು.

ಮನೆಯವರಲ್ಲಿ ರಕ್ತದ ಗುಂಪು ಹೊಂದಿದ್ದು ನನ್ನದೊಂದೇ. ನನ್ನ ಸ್ಕ್ಯಾನ್ ನೋಡಿದ ಡಾಕ್ಟರು, "ನಿಮ್ಮದರಲ್ಲೂ ಕೊಬ್ಬಿದೆಯಮ್ಮ. ಹಿಂಗೇ ಇದ್ರೆ ತಗೊಳಕ್ಕಾಗಲ್ಲ. ತೂಕ ಇಳಿಸಿ, ದಿನಾ ನಡೀರಿ, ಸಿಹಿ ಬಿಡಿ. ಎರಡು ತಿಂಗಳು ಬಿಟ್ಟು ನೋಡೋಣ" ಅಂದರು.

ಎರಡು ತಿಂಗಳು ಅಣ್ಣ ತಡೆಯುತ್ತಾನಾ ಎಂದು ಎಣಿಸುತ್ತಲೇ ಮನೆಗೆ ಬಂದೆ.

ಹೊಲಗಳು ಸೈಟುಗಳಾಗಿ, ಕಟ್ಟಿಸಿದ ಮನೆಗಳಿಂದ ಬಾಡಿಗೆ ಬರತೊಡಗಿದ ಮೇಲೆ ನಾವು ನಡೆಯುವುದನ್ನೇ ಬಿಟ್ಟಿದ್ದೆವು. ಹಾಲು ತರಲೂ ಸ್ಕೂಟರ್ ಬೇಕು. ಈಗ ಬೆಳಿಗ್ಗೆ ಸಂಜೆ ಕೆರೆ ಏರಿಯ ಮೇಲೆ ಬಿರಬಿರನೆ ನಡೆದೆ. ಎಷ್ಟು ನಡೆದರೂ ಸಾಲದು ಎಂಬ ದಿಗಿಲು. ಮನೆಗೆ ಬಂದರೆ ಅಮ್ಮ ಮುದ್ದೆಯ ಮೇಲೆ ತುಪ್ಪ ಸುರಿಯುತ್ತಿದ್ದಳು. ನಮ್ಮಲ್ಲಿ ಬಾಣಂತಿಗೂ ಆಪರೇಷನ್ನಿಗೆ ಹೋಗುವವರಿಗೂ ಒಂದೇ ಆರೈಕೆ: ತುಪ್ಪ, ಕಾಲುಸೂಪು, ಕೊಬ್ಬರಿ ಬೆಲ್ಲ.

"ಒಟ್ಟೆ ಕುಯ್ಯಿಸ್ಕೊಳ್ಳೋಳು ಇಂಗೆ ಒಣಗಿದ್ರೆ ಎಂಗೆ? ತಿನ್ನು."

"ನಿನ್ ದಮ್ಮಯ್ಯ, ಬೇಡಮ್ಮ. ಕೊಬ್ಬು ಕರಗ್ದಿದ್ರೆ ಅಣ್ಣಂಗೆ ಕೊಡಕ್ಕಾಗಲ್ಲ."

ರೇಗಿದೆ, ತಟ್ಟೆ ತಳ್ಳಿದೆ, ಒಂದು ದಿನ ಅತ್ತೂಬಿಟ್ಟೆ. ಮಾರನೆಯ ದಿನ ಮತ್ತೆ ತುಪ್ಪ. ಕೊನೆಗೆ ಅಣ್ಣನೇ ಮಂಚದಿಂದೆದ್ದು, ಗೋಡೆ ಹಿಡಿದುಕೊಂಡು ಬಂದು ನನ್ನ ತಟ್ಟೆಗೆ ಕೈ ಅಡ್ಡ ಹಿಡಿದ. ಅವನ ಕಣ್ಣು ಅರಿಶಿನದಂತಾಗಿತ್ತು.

"ಅವಳಿಗೆ ಹಾಕ್ಬೇಡಮ್ಮ. ಅವಳ ಹೊಟ್ಟೇಲಿರೋದು ನನ್ ಲಿವರ್ರು."

ಅಮ್ಮ ತುಪ್ಪದ ಗಿಂಡಿಯನ್ನು ಒಳಗಿಟ್ಟಳು.

ಎರಡು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನಿಗೆ ಮಲಗಿದೆ. ಡಾಕ್ಟರು ಪರದೆಯನ್ನು ಎರಡೆರಡು ಸಲ ನೋಡಿದರು. ಆಮೇಲೆ, "ಚೆನ್ನಾಗಿ ಇಳಿದಿದೆ. ಕೊಡಬಹುದು" ಅಂದರು. ಆಟೋದಲ್ಲಿ ದಾರಿಯುದ್ದಕ್ಕೂ ಅತ್ತೆ. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತಳು.

"ಇಬ್ರುನ್ನೂ ಒಂದೇ ದಿನ ಒಳಕ್ಕೆ ಕರ್ಕೊಂಡೋಯ್ತಾರಾ?"

"ಹೂಂ. ಅಕ್ಕಪಕ್ಕದ ಕೋಣೆ."

"ನಾನ್ ಯಾರ್ ಬಾಗ್ಲತ್ರ ಕೂತ್ಕಳ್ಳಿ?"

ಎರಡು ತಿಂಗಳೂ ಅಣ್ಣನ ಚಿಂತೆಯಲ್ಲೇ ಇದ್ದ ನನಗೆ, ನಾನೂ ಅವಳು ಹೆತ್ತ ಮಗಳೆಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.